ತಣ್ಣಗಿದ್ದ ಎಂಜಿನ್ನು

ಯಾವ ಸೋಪು ಹಾಕಿ ಉಜ್ಜಿದರೂ ಅವನ ಮೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ಪೆಟ್ರೋಲಿನ ಜೊತೆ ಎಣ್ಣೆಯೂ ಸುಟ್ಟಾಗ ಬರುವ ನೀಲಿ ಹೊಗೆಯ ವಾಸನೆ. ಬೀದಿಯ ಮಕ್ಕಳು ಅವನನ್ನು ಹೊಗೆಮಾಮ ಎಂದು ಕರೆಯತೊಡಗಿದ್ದು ಅದಕ್ಕೇ. ಮಕ್ಕಳ ಬಾಯಿಂದ ಅದು ದೊಡ್ಡವರ ಬಾಯಿಗೂ ಬಂತು. ಯಾರಾದರೂ ಬಾಗಿಲು ತಟ್ಟಿದರೆ ಸ್ವಂತ ಹೆಂಡತಿಯೇ ಒಳಕ್ಕೆ ತಿರುಗಿ, "ಯಾರಿಗೋ ಹೊಗೆಮಾಮ ಬೇಕಂತೆ ನೋಡಿ" ಎನ್ನುವಷ್ಟರ ಮಟ್ಟಿಗೆ ಅದೇ ಅವನ ಹೆಸರಾಯಿತು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವನದೊಂದು ಅಂಗಡಿಯಿತ್ತು. ಮೊಪೆಡ್, ಔಷಧಿ ಹೊಡೆಯುವ ಪಂಪು, ಮರ ಕೊಯ್ಯುವ ಗರಗಸ, ದೋಣಿಯ ಮೋಟಾರು, ಹೀಗೆ ಟೂ-ಸ್ಟ್ರೋಕ್ ಎಂಜಿನ್ ಇರುವ ಯಾವುದೇ ಯಂತ್ರ ಕೆಮ್ಮಿದರೂ ಅಲ್ಲಿಗೇ ಬರುತ್ತಿತ್ತು. ಊರಾಚೆಯ ಹುಲ್ಲು ಬಯಲಿನಲ್ಲಿ ಹಾರಾಟದ ಕ್ಲಬ್ಬು ಶುರುವಾದಾಗ ಅಲ್ಲಿಂದಲೂ ಕರೆ ಬಂತು. ಅಲ್ಲಿದ್ದವು ದೊಡ್ಡ ವಿಮಾನಗಳಲ್ಲ. ಅಲ್ಯೂಮಿನಿಯಂ ಕೊಳವೆಗಳಿಗೆ ಬಟ್ಟೆ ಬಿಗಿದು ಮಾಡಿದ ರೆಕ್ಕೆ, ಒಂದರ ಹಿಂದೊಂದು ಎರಡು ಸೀಟು, ನೆತ್ತಿಯ ಮೇಲೊಂದು ಪುಟ್ಟ ಎಂಜಿನ್ನು. ರಜೆಯ ದಿನ ಮೇಷ್ಟ್ರುಗಳು, ಅಂಗಡಿಯವರು, ಹಲ್ಲಿನ ಡಾಕ್ಟರು ಎಲ್ಲ ಬಂದು, ಒಂದು ಸುತ್ತು ಹಾರಿ, ಕೂದಲು ಕೆದರಿಕೊಂಡು ಮನೆಗೆ ಹೋಗುತ್ತಿದ್ದರು. ಹೊಗೆಮಾಮ ಮೊದಲ ಸಲ ಆ ಎಂಜಿನ್ನಿನ ಮುಚ್ಚಳ ತೆಗೆದು ನೋಡಿದವನೇ ನಕ್ಕುಬಿಟ್ಟ. "ಇದು ನಮ್ಮ ಮೊಪೆಡ್ಡಿನ ದೊಡ್ಡಣ್ಣ ಕಣ್ರೀ! ಸೂಟು ಹಾಕ್ಕೊಂಡು ಕೂತಿದೆ ಅಷ್ಟೇ" ಎಂದ.

ರಿಪೇರಿಗೆ ಹೋದವನು ಅಲ್ಲೇ ಉಳಿದ. ಪಿಸ್ಟನ್ನಿನ ತಲೆಗೆ ಕಟ್ಟಿದ ಮಸಿ ಕೆರೆಯುವುದು, ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳುವುದು, ಬಿರುಕು ಬಿಟ್ಟ ರಬ್ಬರು ಬದಲಿಸುವುದು ಅವನ ಕೆಲಸ. ಎಂಜಿನ್ ಕೈಕೊಟ್ಟರೆ ರಸ್ತೆಬದಿ ನಿಲ್ಲಿಸಿ ಸಿಗರೇಟು ಹಚ್ಚುವ ಹಾಗಿಲ್ಲ ಎಂದು ಅವನಿಗೆ ಗೊತ್ತಿತ್ತು, ಹಾಗಾಗಿ ಕೆಲಸ ಚೊಕ್ಕಟವಾಗಿತ್ತು. ಬರಬರುತ್ತಾ ತಾನೇ ಹಾರಲು ಕಲಿತ. ಇನ್ನಷ್ಟು ವರ್ಷ ಕಳೆದ ಮೇಲೆ ಬೇರೆಯವರಿಗೆ ಕಲಿಸುವವನೂ ಆದ. ಕೈ ಒಳ್ಳೆಯದು, ಕಣ್ಣು ಚುರುಕು. ಬಾಯಿ ಮಾತ್ರ ಸ್ವಲ್ಪ ದೊಡ್ಡದು. ಎದುರಿಗೆ ನಾಲ್ಕು ಜನ ನಿಂತರೆ ಸಾಕು, ಅಡ್ಡಗಾಳಿಯಲ್ಲಿ ತಾನು ಹೇಗೆ ಇಳಿಸಿದೆ, ಮೋಡದ ಬಾಯಿಂದ ಹೇಗೆ ತಪ್ಪಿಸಿಕೊಂಡೆ ಎಂದು ಶುರುಮಾಡಿಬಿಡುತ್ತಿದ್ದ. ಹೇಳಿದಷ್ಟೂ ಗಾಳಿ ಜೋರಾಗುತ್ತಿತ್ತು, ಮೋಡ ಕಪ್ಪಾಗುತ್ತಿತ್ತು. ಕೇಳುವವರಿಗೂ ಅದು ಗೊತ್ತಿತ್ತು, ಆದರೂ ಕೇಳುತ್ತಿದ್ದರು.

ಪಾಠ ಹೇಳುವಾಗ ಮಾತ್ರ ಅವನು ಬಡಾಯಿ ಬಿಡುತ್ತಿರಲಿಲ್ಲ. ಹೊಸಬರಿಗೆ ಅವನ ಮೊದಲ ಮಾತು ಒಂದೇ. "ಎಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಪೂರ್ತಿ ಜೋರು ಕೊಡಬೇಡಿ. ಒಳಗಿನ ಪಿಸ್ಟನ್ ಬೇಗ ಕಾಯುತ್ತೆ, ಕಾದ ಹಾಗೆ ಊದಿಕೊಳ್ಳುತ್ತೆ. ಅದರ ಸುತ್ತ ಇರೋ ಸಿಲಿಂಡರ್ ತಣ್ಣೀರಲ್ಲಿ ಕೂತಿರುತ್ತೆ, ಅದು ಊದೋಕೆ ಹೊತ್ತು ಬೇಕು. ಬೆರಳು ಊದಿಕೊಂಡು ಉಂಗುರ ಹೇಗೆ ಸಿಕ್ಕಿಹಾಕ್ಕೊಳ್ಳುತ್ತೆ? ಹಾಗೆ ಕಚ್ಚಿಕೊಂಡುಬಿಡುತ್ತೆ. ನೀರಿನ ಬಿಸಿ ತೋರಿಸೋ ಮುಳ್ಳು ಮೇಲೇರೋವರೆಗೂ ಸುಮ್ಮನೆ ಕೂತಿರಿ. ಬೇಜಾರಾದ್ರೆ ಹಾಡು ಹೇಳಿ."

ಅವನ ಷಡ್ಡಕನೂ ಅದೇ ಕ್ಲಬ್ಬಿನಲ್ಲಿದ್ದ. ಹೆಂಡತಿಯ ಅಕ್ಕನ ಗಂಡ, ವಯಸ್ಸಿನಲ್ಲಿ ಹಿರಿಯ. ಕೆಲಸ ಮಾಡುತ್ತಿದ್ದ ಛಾಪಖಾನೆ ಮುಚ್ಚಿದಾಗ ಹೊಗೆಮಾಮನೇ ಕಾರ್ಯದರ್ಶಿಗೆ ಹೇಳಿ ಇವನನ್ನು ಪೆಟ್ರೋಲು ತುಂಬುವ ಕೆಲಸಕ್ಕೆ ಸೇರಿಸಿದ್ದ. ಇಂಥ ಎಂಜಿನ್ನಿಗೆ ಎಣ್ಣೆ ಇಟ್ಟುಕೊಳ್ಳಲು ಬೇರೆ ಹೊಟ್ಟೆಯಿಲ್ಲ. ಕುಡಿಯುವ ಪೆಟ್ರೋಲಿನಲ್ಲೇ ಎಣ್ಣೆ ಬೆರೆತಿರಬೇಕು, ಇಲ್ಲದಿದ್ದರೆ ಒಳಗೆಲ್ಲ ಒಣಗಿ ಉಜ್ಜಿಹೋಗುತ್ತದೆ. ಡಬ್ಬಕ್ಕೆ ಅಳತೆಯ ಎಣ್ಣೆ ಸುರಿದು, ಕುಲುಕಿ, ಬಟ್ಟೆಯಲ್ಲಿ ಸೋಸಿ ತುಂಬುವುದು ಷಡ್ಡಕನ ಕೆಲಸ. ಒಳ್ಳೆಯ ಮನುಷ್ಯ, ಆದರೆ ಮರೆಗುಳಿ. ಹಣೆಯ ಮೇಲಿರುವ ಕನ್ನಡಕವನ್ನು ಮನೆಯೆಲ್ಲ ಹುಡುಕುತ್ತಿದ್ದ. ತರಕಾರಿ ತರಲು ಹೋಗಿ ತರಕಾರಿ ಬಿಟ್ಟು, ಯಾರದೋ ಕೊಡೆ ಹಿಡಿದುಕೊಂಡು ಬಂದಿದ್ದ. ಒಮ್ಮೆ ಟ್ಯಾಂಕಿನ ಮುಚ್ಚಳವನ್ನು ರೆಕ್ಕೆಯ ಮೇಲೇ ಬಿಟ್ಟಿದ್ದ. ವಿಮಾನ ಹೊರಡುವ ಮುಂಚೆ ಅದನ್ನು ಕಂಡವನು ಹೊಗೆಮಾಮ. ಆ ಕತೆಯನ್ನು ಅವನು ಮನೆಯ ಪ್ರತಿ ಊಟದಲ್ಲೂ ಅಭಿನಯಿಸಿ ತೋರಿಸುತ್ತಿದ್ದ, ಷಡ್ಡಕ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಷಡ್ಡಕನ ಇಬ್ಬರು ಹೆಣ್ಣುಮಕ್ಕಳಲ್ಲಿ ಚಿಕ್ಕವಳನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಿದ್ದರು. ಹೆಸರಿಗೆ ಪುಟ್ಟಿ, ಔಷಧಿ ಅಂಗಡಿಯನ್ನು ಒಬ್ಬಳೇ ನಡೆಸುವ ಗಟ್ಟಿ ಹೆಂಗಸು. ಚಿಕ್ಕಪ್ಪನ ಹತ್ತಿರವೇ ಹಾರಲು ಕಲಿಯುತ್ತಿದ್ದಳು. ಮಾತು ಕಡಿಮೆ. ಹೇಳಿದ್ದನ್ನು ಇನ್ನೊಮ್ಮೆ ಹೇಳಬೇಕಾಗಿರಲಿಲ್ಲ.

ವರ್ಷಕ್ಕೊಮ್ಮೆ ಕ್ಲಬ್ಬಿನವರು ಊರ ಜನರನ್ನು ಕರೆದು ವಿಮಾನಗಳನ್ನು ತೋರಿಸುತ್ತಿದ್ದರು. ಆ ಸಲ ಅಂಥ ದಿನ ಬೆಳಗ್ಗೆ ಥಂಡಿ ಕೊರೆಯುತ್ತಿತ್ತು. ಹುಲ್ಲಿನ ಮೇಲೆ ಇಬ್ಬನಿ ಆರಿರಲಿಲ್ಲ. ಹೊಗೆಮಾಮ ಮೊದಲು ಹಾರಿ ಜನರ ಮುಂದೆ ಕೆಳಮಟ್ಟದಲ್ಲಿ ಒಂದು ಸುತ್ತು ಹಾಕುವುದು, ಶಿಷ್ಯೆಯಾಗಿ ಪುಟ್ಟಿ ಜೊತೆಗಿರುವುದು ಎಂದು ನಿಗದಿಯಾಗಿತ್ತು. ಸಾಮಾನ್ಯವಾಗಿ ಕಲಿಯುವವರು ಮುಂದೆ, ಕಲಿಸುವವರು ಹಿಂದೆ ಕೂರುತ್ತಾರೆ, ವಿಮಾನ ನಡೆಸುವ ಹಿಡಿಕೋಲು ಎರಡೂ ಕಡೆ ಇರುತ್ತದೆ, ಒಂದನ್ನು ಅಲ್ಲಾಡಿಸಿದರೆ ಇನ್ನೊಂದೂ ಅಲ್ಲಾಡುತ್ತದೆ. ಆದರೆ ಆವತ್ತು ಹೊಗೆಮಾಮ, "ಜನ ನನ್ನ ಮುಖ ನೋಡ್ಬೇಕಲ್ಲಮ್ಮಾ" ಎಂದು ಮುಂದಿನ ಸೀಟು ಇಟ್ಟುಕೊಂಡ.

ಹೊತ್ತಿಗೆ ಸರಿಯಾಗಿ ಬಂದಿದ್ದರೆ ಏನೂ ಆಗುತ್ತಿರಲಿಲ್ಲ. ಅವನು ಚಹಾದ ಮೇಜಿನ ಹತ್ತಿರ ಯಾರೋ ದಂಪತಿಗೆ ಅಡ್ಡಗಾಳಿಯ ಕತೆ ಹೇಳುತ್ತಾ ನಿಂತಿದ್ದ. ಮೈಕಿನಲ್ಲಿ ಕಾರ್ಯದರ್ಶಿ ಕರೆದರು. "ಬಂದೆ, ಬಂದೆ" ಎಂದ. ಕತೆ ಇನ್ನೂ ರೋಚಕ ಭಾಗಕ್ಕೆ ಬಂದಿರಲಿಲ್ಲ. ಎರಡನೇ ಸಲ ಕರೆದರು. ಮೂರನೇ ಸಲ ಕಾರ್ಯದರ್ಶಿಯ ದನಿಯಲ್ಲಿ ಸಿಟ್ಟಿತ್ತು, ಜನ ಕಿಸಕ್ಕನೆ ನಕ್ಕರು. ಹೊಗೆಮಾಮ ಓಡಿದ. ಪುಟ್ಟಿ ಆಗಲೇ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂತಿದ್ದಳು. ಷಡ್ಡಕ ಪೆಟ್ರೋಲು ತುಂಬಿ, ಮುಚ್ಚಳ ಬಿಗಿದು, ಅದನ್ನು ಎರಡೆರಡು ಸಲ ತಟ್ಟಿ ತೋರಿಸಿ ದೂರ ಸರಿದ.

ಎಂಜಿನ್ ಹೊತ್ತಿಕೊಂಡಿತು. ಎದುರಿನ ಗಡಿಯಾರದಂಥ ಬಿಲ್ಲೆಯಲ್ಲಿ ನೀರಿನ ಬಿಸಿ ತೋರಿಸುವ ಮುಳ್ಳು ತಳದಲ್ಲಿ ಅಂಗಾತ ಮಲಗಿತ್ತು. ಹಿಂದಿನ ಸೀಟಿನಲ್ಲಿದ್ದ ಪುಟ್ಟಿಗೆ ಅದು ಕಾಣುವಂತಿರಲಿಲ್ಲ. ಹೊಗೆಮಾಮ ಅದನ್ನು ನೋಡಿದ. ನೋಡಲಿಲ್ಲ ಎಂದು ಅವನಿಗೆ ಮುಂದೆ ಎಂದೂ ತನಗೆ ತಾನೇ ಹೇಳಿಕೊಳ್ಳಲಾಗಲಿಲ್ಲ, ಅಷ್ಟು ಸ್ಪಷ್ಟವಾಗಿ ನೋಡಿದ. ಬೇಲಿಯಾಚೆ ಜನ ಕೈಬೀಸುತ್ತಿದ್ದರು. 'ಹೋಗ್ತಾ ಹೋಗ್ತಾ ಏರುತ್ತೆ ಬಿಡು' ಎಂದುಕೊಂಡು ತಾನೂ ಕೈಬೀಸಿದ. ಆಮೇಲೆ ಪೂರ್ತಿ ಜೋರು ಕೊಟ್ಟ.

ಚಕ್ರ ಹುಲ್ಲು ಬಿಟ್ಟಿತು, ಬೇಲಿ ಕೆಳಗೆ ಸರಿಯಿತು. ಮರಗಳ ತುದಿಗಿಂತ ತುಸು ಮೇಲೆ ಹೋಗಿದ್ದರೇನೋ, ಎಂಜಿನ್ನಿನ ದನಿ ಬಿಗಿಯಾಯಿತು. ಯಾರೋ ಗಂಟಲು ಹಿಸುಕಿದ ಹಾಗೆ ಒಂದು ಕೀರಲು ಸದ್ದು. ಅದರ ಬೆನ್ನಿಗೇ ನಿಶ್ಶಬ್ದ. ಪಂಖ ತಿರುಗುವುದು ಬಿಟ್ಟು ಒಂದು ಮರದ ಹಲಗೆಯಾಗಿ ನಿಂತುಬಿಟ್ಟಿತು. ರೆಕ್ಕೆ ಬಿಗಿದ ತಂತಿಗಳ ನಡುವೆ ಗಾಳಿ ಸುಂಯ್ ಎನ್ನುವುದೊಂದೇ ಕೇಳುತ್ತಿತ್ತು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವನು ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದ! ಮೂತಿ ಕೆಳಗೆ ಮಾಡಬೇಕು, ವೇಗ ಉಳಿಸಿಕೊಳ್ಳಬೇಕು, ನೇರ ಮುಂದೆ ಸಿಕ್ಕಿದ ಜಾಗದಲ್ಲಿ ಇಳಿಸಬೇಕು, ಏನಾದರೂ ಸರಿ, ಹಿಂದಕ್ಕೆ ಮಾತ್ರ ತಿರುಗಬಾರದು. ಹೊಗೆಮಾಮನ ಕೈ ಇದನ್ನೆಲ್ಲ ಮರೆಯಿತು. ಹಿಡಿಕೋಲನ್ನು ಹೊಟ್ಟೆಗೆ ಎಳೆದುಕೊಂಡ, ಬಯಲಿನ ಕಡೆ ತಿರುಗಿಸಲು ಹೋದ. "ಹಿಂದೆ, ಹಿಂದೆ" ಎಂದು ಏನೇನೋ ಬಡಬಡಿಸಿದ. ವಿಮಾನ ಒಂದು ಕಡೆ ವಾಲಿ ನಡುಗತೊಡಗಿತು.

"ಚಿಕ್ಕಪ್ಪಾ, ಕೈ ಬಿಡಿ!" ಪುಟ್ಟಿ ಹಿಂದಿನಿಂದ ಕಿರುಚಿದಳು. "ಬಿಡಿ ಅಂದೆ!"

ಅವನು ಬಿಟ್ಟ. ಎರಡೂ ಕೈ ಎತ್ತಿ ಮುಖ ಮುಚ್ಚಿಕೊಂಡ. ಹಿಡಿಕೋಲು ತಾನಾಗಿ ಮುಂದಕ್ಕೆ ಹೋಗಿದ್ದನ್ನು ಬೆರಳುಗಳ ಸಂದಿಯಿಂದ ಕಂಡ. ಉತ್ತ ಹೊಲ ಮೇಲೆದ್ದು ಬಂತು, ಕೊನೆಯ ಗಳಿಗೆಯಲ್ಲಿ ಮೆತ್ತಗೆ ಸಮವಾಯಿತು. ದಡಕ್ ಎಂದಿತು, ಮುಂದಿನ ಚಕ್ರ ಮುರಿಯಿತು, ವಿಮಾನ ಮಣ್ಣಿನಲ್ಲಿ ಮೂತಿಯೂರಿ ನಿಂತಿತು.

ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ.

ಜನ ಬೇಲಿ ಹಾರಿ ಓಡಿಬಂದರು. ಮುಂದಿನ ಸೀಟಿನಲ್ಲಿದ್ದವನನ್ನು ಹಿಡಿದೆತ್ತಿದರು. ಸ್ಥೂಲಕಾಯದ ಕಾರ್ಯದರ್ಶಿ ಏದುಸಿರು ಬಿಡುತ್ತಾ ಬಂದು ಅವನ ಎರಡೂ ಕೈ ಹಿಡಿದು, "ಏನ್ ಕೈರೀ ನಿಮ್ದು! ಏನ್ ಕೈ! ಹೂವು ಇಳಿಸಿದ ಹಾಗೆ ಇಳಿಸಿದ್ರಲ್ರೀ!" ಎಂದರು. ಹೊಗೆಮಾಮ ಬಾಯಿ ತೆರೆದ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಪುಟ್ಟಿ ಬಾಲದ ಹತ್ತಿರ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. "ಪಾಪ, ಹುಡುಗಿ ಹೆದರಿಬಿಟ್ಟಿದ್ದಾಳೆ" ಎಂದು ಯಾರೋ ನೀರು ಕೊಟ್ಟರು.

"ಎಂಜಿನ್ ಯಾಕೆ ನಿಂತ್ಹೋಯ್ತು?" ಇನ್ನಾರೋ ಕೇಳಿದರು. "ಇವತ್ತು ಪೆಟ್ರೋಲ್ ಹಾಕಿದ್ದು ಯಾರು?"

ಅಷ್ಟರಲ್ಲಿ ಷಡ್ಡಕ ಹೊಲದ ಹೆಂಟೆಗಳ ಮೇಲೆ ಎಡವುತ್ತಾ ಬಂದ. ಪೆಟ್ರೋಲು ಸುರಿಯುವ ಆಲಿಕೆ ಇನ್ನೂ ಕೈಯಲ್ಲೇ ಇತ್ತು. ಎಲ್ಲರ ಕಣ್ಣೂ ಆ ಆಲಿಕೆಯ ಮೇಲೆ ಬಿತ್ತು.

"ಎಣ್ಣೆ ಬೆರೆಸಿದ್ರಾ?" ಕಾರ್ಯದರ್ಶಿ ಕೇಳಿದರು.

"ಬೆರೆಸಿದೆ." ಷಡ್ಡಕ ಮಗಳ ಕಡೆ ನೋಡಿದ, ಮುರಿದ ಚಕ್ರದ ಕಡೆ ನೋಡಿದ. "ಬೆರೆಸಿದೆ ಅಂತ್ಲೇ ಕಾಣುತ್ತೆ..."

'ಕಾಣುತ್ತೆ' ಎಂಬ ಆ ಒಂದು ಮಾತು ಸಾಕಾಯಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರ್ಯದರ್ಶಿ ಹೊಗೆಮಾಮನ ಕಡೆ ತಿರುಗಿ, "ನೀವೇನಂತೀರಿ?" ಎಂದರು.

ಮಲಗಿದ್ದ ಮುಳ್ಳು ಹೊಗೆಮಾಮನ ಕಣ್ಣ ಮುಂದೆಯೇ ಇತ್ತು. ಎಂಜಿನ್ ಯಾಕೆ ಕಚ್ಚಿಕೊಂಡಿತು ಎಂದು ಆ ಬಯಲಿನಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವನು ಉಗುಳು ನುಂಗಿ, "ನೋಡ್ಬೇಕು" ಎಂದ.

ಅವನು ಸುಳ್ಳು ಹೇಳಿರಲಿಲ್ಲ. ಆದರೆ ಷಡ್ಡಕನನ್ನು ಮುಳುಗಿಸಲು ಅಷ್ಟೇ ಸಾಕಿತ್ತು. ಕಾರ್ಯದರ್ಶಿ ಆಲಿಕೆಯನ್ನು ಅವನ ಕೈಯಿಂದ ತೆಗೆದುಕೊಂಡು, "ಗೊತ್ತಾಗೋವರೆಗೂ ನೀವು ಮನೇಲಿರಿ" ಎಂದರು. ಷಡ್ಡಕ ತಲೆಯಾಡಿಸಿದ. ಖಾಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಪ್ಯಾಂಟಿಗೆ ಒರೆಸಿಕೊಂಡ.

ಮರುದಿನ ಊರ ಪತ್ರಿಕೆಯಲ್ಲಿ ಹೊಗೆಮಾಮನ ಫೋಟೋ ಬಂತು. ಕ್ಷೌರದಂಗಡಿಯವನು ಪುಕ್ಕಟೆ ಕ್ಷೌರ ಮಾಡಿದ. "ಹೇಗಿಳಿಸಿದ್ರಿ, ಹೇಳಿ ಹೇಳಿ" ಎಂದು ಓಣಿಯವರೆಲ್ಲ ಅಂಗಡಿಯ ಮುಂದೆ ನೆರೆದರು. ಮೊದಲ ಸಲ ಅವನು, "ಏನೋ, ಇಳೀತು ಬಿಡಿ" ಎಂದು ಜಾರಿಕೊಂಡ. ಅದನ್ನು ಅವರು ವಿನಯವೆಂದು ತಿಳಿದು ಇನ್ನಷ್ಟು ಮೆಚ್ಚಿದರು. ಎರಡನೇ ಸಲ, "ಮೂತಿ ಕೆಳಗೆ ಮಾಡ್ಬೇಕು, ಅದೇ ಗುಟ್ಟು" ಎಂದ. ಮೂರನೇ ಸಲಕ್ಕೆ ಮೂತಿ ಕೆಳಗೆ ಮಾಡಿದ್ದು ಅವನೇ ಆಗಿದ್ದ. ಹೇಳುತ್ತಿರುವಾಗಲೇ ಕಿವಿ ಬಿಸಿಯಾಗುತ್ತಿತ್ತು, ಆದರೂ ನಾಲಿಗೆ ತನ್ನ ಹಳೆಯ ಚಾಳಿಗೆ ಬಿದ್ದು ಓಡುತ್ತಿತ್ತು. ಜನ ಹೋದ ಮೇಲೆ ಅಂಗಡಿಯ ಒಳಗೆ ಹೋಗಿ, ಎಣ್ಣೆ ಮೆತ್ತಿದ ಕೈಯಿಂದಲೇ ತನ್ನ ಬಾಯಿಗೆ ತಾನೇ ಹೊಡೆದುಕೊಂಡ. ನೋವಾಯಿತೇ ಹೊರತು ಬೇರೇನೂ ಆಗಲಿಲ್ಲ.

ಒಂದು ಮಧ್ಯಾಹ್ನ ಕ್ಲಬ್ಬಿನ ಶೆಡ್ಡಿಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡು ಎಂಜಿನ್ ಬಿಚ್ಚಿದ. ಬಿಚ್ಚುವ ಮುಂಚೆ, ಒಂದು ಪಕ್ಷ ಎಣ್ಣೆಯೇ ಇಲ್ಲದಿದ್ದರೆ ಎಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇಣುಕಿತು. ಷಡ್ಡಕ ನಿಜಕ್ಕೂ ಮರೆತಿರಲಿ ಎಂದು ತಾನು ಬಯಸುತ್ತಿದ್ದೇನೆಂದು ಹೊಳೆದಾಗ ಸ್ಪ್ಯಾನರ್ ಹಿಡಿದ ಕೈ ಅಲ್ಲೇ ನಿಂತಿತು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಬಗ್ಗಿಸಿದ. ಎಣ್ಣೆ ಬೆರೆತಾಗ ಬರುವ ತಿಳಿನೀಲಿ, ಸರಿಯಾದ ಹದದಲ್ಲಿತ್ತು. ಒಳಗಿನ ಬೇರಿಂಗುಗಳು ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿದ್ದವು. ಪಿಸ್ಟನ್ ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಎಣ್ಣೆಯಿಲ್ಲದೆ ಉಜ್ಜಿದ್ದರೆ ಮೈಯೆಲ್ಲ ಗೀರಿರಬೇಕಿತ್ತು. ಇದರಲ್ಲಿ ನಾಲ್ಕು ಮೂಲೆಗಳಲ್ಲಿ ಮಾತ್ರ, ನಾಲ್ಕು ಉಗುರುಗಳಿಂದ ಪರಚಿದಂಥ ಗುರುತು. ತಣ್ಣಗಿದ್ದಾಗಲೇ ದುಡಿಸಿದ್ದಕ್ಕೆ ಅದೇ ಸಾಕ್ಷಿ. ಇದೇ ಗುರುತನ್ನು ಹಳೆಯ ಪಿಸ್ಟನ್ನುಗಳ ಮೇಲೆ ತೋರಿಸಿ, "ಇದು ಅವಸರದವರ ರುಜು" ಎಂದು ಅವನು ಪಾಠ ಹೇಳಿದವನು. ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿ ಬೆಂಚಿನ ಕೆಳಗೆ ತಳ್ಳಿದ.

ಬಾಗಿಲು ತೆರೆದರೆ ಹೊರಗೆ ಷಡ್ಡಕ ನಿಂತಿದ್ದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು.

"ಬಿಚ್ಚಿದ್ಯೇನಪ್ಪ?"

ಹೊಗೆಮಾಮ ಬಾಗಿಲಿಗೆ ಅಡ್ಡವಾಗಿ ನಿಂತ.

"ನಾನೇ ಅಲ್ವಾ? ಹೇಳಿಬಿಡು. ದಿನಾ ಕೂತು ನೆನಪು ಮಾಡ್ಕೊಳ್ತೀನಿ ಕಣಯ್ಯ. ಡಬ್ಬ ತಗೊಂಡಿದ್ದು ಗೊತ್ತು, ಕುಲುಕಿದ್ದು ಗೊತ್ತು. ಎಣ್ಣೆ ಸುರಿದಿದ್ದು ಆವತ್ತಿಂದೋ ಹಿಂದಿನ ದಿನದ್ದೋ ಗೊತ್ತಾಗ್ತಿಲ್ಲ. ನನ್ನ ಮಗಳು ಕೂತಿದ್ಲು ಕಣೋ ಅದರಲ್ಲಿ." ಅವನು ಹೊಗೆಮಾಮನ ಎರಡೂ ಕೈ ಹಿಡಿದುಕೊಂಡ. "ನೀನಿಲ್ದೇ ಹೋಗಿದ್ರೆ... ನಿನ್ನ ಕೈ ಇಲ್ದೇ ಹೋಗಿದ್ರೆ..."

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಬೇಕಿತ್ತೇ? ಬೆಂಚು ಅಲ್ಲೇ ಹಿಂದಿತ್ತು. ಬಗ್ಗಿ ಎತ್ತಿಕೊಂಡು ಅವನ ಕೈಗಿಟ್ಟರೆ ಮುಗಿಯುತ್ತಿತ್ತು. ಆದರೆ ಷಡ್ಡಕನ ಕಣ್ಣಿನಲ್ಲಿದ್ದ ಕೃತಜ್ಞತೆಯೇ ಹೊಗೆಮಾಮನ ಕೈ ಕಟ್ಟಿಹಾಕಿತು. ಅಷ್ಟು ಎತ್ತರದಿಂದ ಒಂದೇ ಸಲ ಕೆಳಗೆ ಬೀಳಲು ಅವನಿಗೆ ಧೈರ್ಯವಾಗಲಿಲ್ಲ.

"ಇನ್ನೂ ಪೂರ್ತಿ ಬಿಚ್ಚಿಲ್ಲ ಅಣ್ಣ" ಎಂದ. ಇದು ಮಾತ್ರ ಅಪ್ಪಟ ಸುಳ್ಳು.

ಅದಾದ ಮೇಲೆ ಪುಟ್ಟಿ ಅಂಗಡಿಗೆ ಬಂದಳು. ಆ ದಿನದ ನಂತರ ಅವಳು ಅವನಿಗೆ ಸಿಕ್ಕಿರಲಿಲ್ಲ. ಯಾಕೆ ಸುಮ್ಮನಿದ್ದಾಳೆ, ತಾನೇ ಇಳಿಸಿದ್ದೆಂದು ಯಾಕೆ ಹೇಳುತ್ತಿಲ್ಲ ಎಂಬುದು ಅವನಿಗೆ ಬಿಡಿಸಲಾಗದ ಒಗಟಾಗಿತ್ತು. 'ಇವತ್ತು ನನ್ನ ಮುಖಕ್ಕೆ ಉಗಿಯೋಕೆ ಬಂದಿದ್ದಾಳೆ' ಎಂದುಕೊಂಡು ಒಂದು ರೀತಿಯಲ್ಲಿ ಹಗುರಾದ. ಅವಳು ಸ್ಟೂಲಿನ ತುದಿಯಲ್ಲಿ ಕೂತು, ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು.

"ಅಪ್ಪನ ಪರವಾಗಿ ಕ್ಷಮೆ ಕೇಳೋಕೆ ಬಂದೆ ಚಿಕ್ಕಪ್ಪ. ನೀವು ಕೊಡಿಸಿದ ಕೆಲಸ. ನಿಮ್ಮ ಜೀವಕ್ಕೇ ಸಂಚಕಾರ ತಂದಿಟ್ರು."

ಹೊಗೆಮಾಮನ ಬಾಯಿ ತೆರೆದೇ ಇತ್ತು.

"ಮತ್ತೆ ಆವತ್ತು ಮೇಲೆ ನಿಮಗೆ ಹಾಗೆ ಕಿರುಚಿದೆ. ಅದೂ ತಪ್ಪಾಯ್ತು. ಯಾರ ಹತ್ರಾನೂ ಹೇಳಿಲ್ಲ, ಹೇಳಲ್ಲ. ನಮ್ಮಪ್ಪನಿಂದ ಆದ ಅನಾಹುತಕ್ಕೆ ನಾನು ಹೊಗಳಿಸಿಕೊಳ್ಳೋದಾ? ನಾಚಿಕೆ ಆಗುತ್ತೆ ನನಗೆ."

ಯಾರಿಗೆ ನಾಚಿಕೆಯಾಗಬೇಕಿತ್ತೋ ಅವನು, "ಬಿಡು, ಬಿಡು. ಚಹಾ ಕುಡೀತೀಯಾ?" ಎಂದ. ಅವಳು ಬೇಡವೆಂದು ಎದ್ದುಹೋದಳು. ಆ ಸಂಜೆ ಅವನು ಮನೆಗೆ ಹೋಗುವ ದಾರಿಯನ್ನು ಬಿಟ್ಟು, ಪರಿಚಯದವರು ಸಿಗದ ಬೀದಿಗಳನ್ನೇ ಹುಡುಕಿಕೊಂಡು ಸುತ್ತಿದ. ಹೆಂಡತಿ, "ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಿದರೆ ತಲೆ ಹಿಂದಕ್ಕೆ ಎಳೆದುಕೊಂಡ.

ರಜೆಯ ದಿನ ಎರಡೂ ಮನೆಯವರು ಒಟ್ಟಿಗೆ ಊಟ ಮಾಡುವುದು ಹಿಂದಿನಿಂದ ಬಂದ ರೂಢಿ. ಆ ವಾರ ಷಡ್ಡಕನ ಮನೆಯಲ್ಲಿ. ದೊಡ್ಡ ಮಗಳೂ ತನ್ನ ಕೂಸಿನೊಂದಿಗೆ ಬಂದಿದ್ದಳು. ಮೊದಲಿನ ಗಲಾಟೆ ಇರಲಿಲ್ಲ. ಷಡ್ಡಕ ಒಲೆ ಹಚ್ಚಲು ಬೆಂಕಿಪೊಟ್ಟಣ ಕೈಗೆತ್ತಿಕೊಂಡರೆ ಅವನ ಹೆಂಡತಿ ಬಂದು ಸುಮ್ಮನೆ ಇಸಿದುಕೊಂಡಳು. ನೀರಿನ ಜಗ್ಗು ತಂದರೆ ಪುಟ್ಟಿ, "ನೀವು ಕೂತ್ಕೊಳಿ" ಎಂದಳು. ಅವನು ಕೂತ. ತೊಟ್ಟಿಲಲ್ಲಿ ಕೂಸು ಅಳತೊಡಗಿತು. ಹತ್ತಿರವಿದ್ದವನು ಅವನೇ, ಬಗ್ಗಿ ಎತ್ತಿಕೊಳ್ಳಲು ಕೈ ಚಾಚಿದ. ದೊಡ್ಡ ಮಗಳು ಒಳಗಿನಿಂದ ಓಡಿಬಂದು, "ನೀವು ಬೇಡಪ್ಪಾ!" ಎಂದು ಕೂಸನ್ನು ಎತ್ತಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಷಡ್ಡಕ ಚಾಚಿದ ಕೈಗಳನ್ನು ಹಾಗೇ ಹಿಡಿದು ಒಂದು ಗಳಿಗೆ ನಿಂತು, ಆಮೇಲೆ ತೊಟ್ಟಿಲಿನ ಹಾಸನ್ನು ಸರಿಪಡಿಸುವವನಂತೆ ನಟಿಸಿದ.

ಹೊಗೆಮಾಮ ಕೈಯಲ್ಲಿದ್ದ ತುತ್ತನ್ನು ಹಾಗೇ ಬಿಟ್ಟ. ಎದ್ದು ಹಿತ್ತಲಿಗೆ ಹೋಗಿ ಕೈತೊಳೆದ. ಹಿತ್ತಲ ಬಾಗಿಲಿನಿಂದ ಹಾಗೇ ಮನೆಗೆ ಹೊರಟುಬಿಡೋಣ ಎನಿಸಿತು. ಚಪ್ಪಲಿ ಮುಂಬಾಗಿಲಲ್ಲಿತ್ತು. ಚಪ್ಪಲಿ ಹಾಕಿಕೊಳ್ಳಬೇಕಾದರೂ ಅವರೆಲ್ಲರ ನಡುವಿನಿಂದಲೇ ಹೋಗಬೇಕಿತ್ತು. ಒಳಗೆ ಬಂದವನು ಗೋಡೆಗೆ ಒರಗಿ ನಿಂತು ಹೇಳಿಬಿಟ್ಟ.

"ಎಣ್ಣೆ ಸರಿಯಾಗಿತ್ತು. ನಾನು ಎಂಜಿನ್ ಕಾಯಿಸ್ಲಿಲ್ಲ. ಮುಳ್ಳು ಕೆಳಗಿತ್ತು, ನೋಡಿದೆ, ನೋಡೇ ಹೊರಟೆ. ಮತ್ತೆ ಇಳಿಸಿದ್ದು ನಾನಲ್ಲ. ನಾನು ಮುಖ ಮುಚ್ಕೊಂಡು ಕೂತಿದ್ದೆ. ಇಳಿಸಿದ್ದು ಪುಟ್ಟಿ."

ಹೊಗೆಮಾಮನ ಹೆಂಡತಿ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

"ಯಾವಾಗ ಗೊತ್ತಾಯ್ತು ನಿಮಗೆ?" ಪುಟ್ಟಿ ಕೇಳಿದಳು.

"ಆವತ್ತೇ."

"ಹೊಲದಲ್ಲಿ? ಅಪ್ಪನ್ನ ಎಲ್ಲರೂ ಸುತ್ತುವರಿದಾಗ?"

"ಹೂಂ."

"ನಾನು ಅಂಗಡಿಗೆ ಬಂದು ಕ್ಷಮೆ ಕೇಳಿದಾಗ?"

ಹೊಗೆಮಾಮ ತಲೆ ಎತ್ತಲಿಲ್ಲ. ಷಡ್ಡಕ ಮಾತ್ರ ನಿಧಾನವಾಗಿ ಎದ್ದು ನಿಂತ. "ಹಾಗಾದ್ರೆ ನಾನಲ್ವಾ?" ಎಂದ. ಹೆಂಡತಿಯ ಕಡೆ ತಿರುಗಿ, "ನಾನಲ್ವಂತೆ ಕಣೇ" ಎಂದ. ದೊಡ್ಡ ಮಗಳ ಹತ್ತಿರ ಹೋಗಿ, "ನಾನಲ್ವಂತಮ್ಮ, ಎಣ್ಣೆ ಸರಿಯಾಗಿತ್ತಂತೆ" ಎಂದ. ಹೇಳುತ್ತಾ ಹೇಳುತ್ತಾ ಅಳು ಬಂತು, ನಗುವೂ ಬಂತು, ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಕಣ್ಣೊರೆಸಿಕೊಂಡ. ಎಲ್ಲರೂ ಸೇರಿ ಚಪ್ಪಲಿಯಲ್ಲಿ ಹೊಡೆದಿದ್ದರೂ ಹೊಗೆಮಾಮ ತಡೆದುಕೊಳ್ಳುತ್ತಿದ್ದ. ಈ ಸಂತೋಷವನ್ನು ನೋಡುತ್ತಾ ನಿಲ್ಲುವುದು ಅವನಿಂದ ಆಗಲಿಲ್ಲ. ನೆಲದ ಮೇಲೆ ಕುಸಿದು ಕೂತ.

ಪುಟ್ಟಿ ಚಪ್ಪಲಿ ಮೆಟ್ಟಿ, "ನಡೀರಿ. ಪಿಸ್ಟನ್ ತೋರ್ಸಿ" ಎಂದಳು. "ಅಪ್ಪ, ನೀವೂ ಬನ್ನಿ. ನಿಮ್ಮ ಕಣ್ಣಲ್ಲೇ ನೋಡ್ಬೇಕು."

ಶೆಡ್ಡಿನಲ್ಲಿ ಅವನು ಬೆಂಚಿನ ಕೆಳಗೆ ತೆವಳಿ ಬಟ್ಟೆಯ ಗಂಟು ಹೊರತೆಗೆದ. ನಾಲ್ಕು ಗುರುತುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದ. ಷಡ್ಡಕ ಪಿಸ್ಟನ್ನನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟೇನಾ?" ಎಂದ. ಪುಟ್ಟಿ, "ಬಟ್ಟೆಯಲ್ಲಿ ಸುತ್ತಿಟ್ಟಿದ್ರಿ" ಎಂದಳು. ಹೊಗೆಮಾಮ ಆ ಬಟ್ಟೆಯನ್ನು ಮಡಚಿ ಬೆಂಚಿನ ಮೇಲಿಟ್ಟ.

ಕಾರ್ಯದರ್ಶಿಗೆ ಹೇಳಲು ಹೋದಾಗ ಅವರು ಬಾಗಿಲು ಮುಚ್ಚಿ ಬಂದು ಮೆಲ್ಲಗೆ ಹೇಳಿದರು. "ಆಯ್ತು ಹೋಯ್ತು ಬಿಡ್ರೀ. ನಿಮ್ಮ ಫೋಟೋ ನೋಡಿ ಹೊಸಬರು ಸೇರ್ತಿದ್ದಾರೆ. ನಿಮ್ಮ ಷಡ್ಡಕರನ್ನ ವಾಪಸ್ ಕರ್ಕೊಳೋಣ, ಯಾಕಂತ ಯಾರು ಕೇಳ್ತಾರೆ?" ಹೀಗೂ ಪಾರಾಗಬಹುದಲ್ಲ ಎಂದು ಹೊಗೆಮಾಮನ ಮನಸ್ಸು ಆಗಲೂ ಒಮ್ಮೆ ಜೊಲ್ಲು ಸುರಿಸಿತು. ಆದರೆ ಹೊರಗೆ ಪುಟ್ಟಿ ಕಾಯುತ್ತಾ ನಿಂತಿದ್ದಳು. ಅವನು ಸದಸ್ಯರ ಸಭೆ ಕರೆಸಿ, ಎದ್ದು ನಿಂತು ಎಲ್ಲವನ್ನೂ ಹೇಳಿದ. ಹಲ್ಲಿನ ಡಾಕ್ಟರು, "ನಮ್ಮನ್ನೂ ಹೀಗೇ ಹಾರಿಸಿದ್ರೇನೋ ಎಷ್ಟು ಸಲ" ಎಂದು ಪಕ್ಕದವರಿಗೆ ಹೇಳಿದ್ದು ಅವನಿಗೂ ಕೇಳಿಸಿತು. ಅವನು ಇನ್ನು ಯಾರನ್ನೂ ಕೂರಿಸಿಕೊಂಡು ಹಾರಬಾರದು, ಎಂಜಿನ್ ಕೆಲಸ ಮಾತ್ರ ನೋಡಿಕೊಳ್ಳಬಹುದು ಎಂದು ತೀರ್ಮಾನವಾಯಿತು.

ಮನೆಯಲ್ಲಿ ಹೆಂಡತಿ ಬಹಳ ದಿನ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. "ಅಕ್ಕನ ಮುಖ ಹೇಗೆ ನೋಡ್ಲಿ ಹೇಳಿ" ಎಂದು ಒಮ್ಮೆ ಅಂದಳು, ಅಷ್ಟೇ. ಒಟ್ಟಿಗೆ ಊಟ ಮಾಡುವುದು ನಿಂತುಹೋಯಿತು. ಮತ್ತೆ ಶುರುವಾದದ್ದು ಕೂಸು ನಡೆಯಲು ಕಲಿತ ಮೇಲೆ.

ಪುಟ್ಟಿ ಬೇರೆ ಊರಿನಿಂದ ಬರುವ ಇನ್ನೊಬ್ಬರ ಹತ್ತಿರ ಕಲಿತು ಪರವಾನಗಿ ಪಡೆದಳು. ಅವಳು ಹಾರುವ ವಿಮಾನದ ಎಂಜಿನ್ನನ್ನು ಹೊಗೆಮಾಮನೇ ನೋಡಿಕೊಳ್ಳುತ್ತಾನೆ. ಅವನು ಬಿಗಿದ ಪ್ರತಿ ನಟ್ಟನ್ನೂ ಅವಳು ಅವನ ಎದುರಿಗೇ ಮುಟ್ಟಿ ನೋಡುತ್ತಾಳೆ, ಪ್ಲಗ್ಗು ಬಿಚ್ಚಿ ಬಣ್ಣ ನೋಡುತ್ತಾಳೆ. ಹಾಗೆ ನೋಡಬೇಕೆಂದು ಕಲಿಸಿದ್ದು ಅವನೇ. ಆದರೂ ಪ್ರತಿ ಸಲ, ಅವಳ ಬೆರಳು ನಟ್ಟಿನಿಂದ ನಟ್ಟಿಗೆ ಹೋಗುವಾಗ, ಅವನು ಬೇರೆಲ್ಲೋ ನೋಡುತ್ತಾ ಕೈ ಒರೆಸಿಕೊಳ್ಳುತ್ತಾನೆ. ಚಿಕ್ಕಪ್ಪ ಎಂದೇ ಕರೆಯುತ್ತಾಳೆ. ಮೊದಲಿನ ಸಲಿಗೆ ಮಾತ್ರ ಆ ಕರೆಯಲ್ಲಿಲ್ಲ.

ಷಡ್ಡಕನದು ಬೇರೆಯೇ ಬಗೆ. ಅವನು ಮರುವಾರವೇ ಕೆಲಸಕ್ಕೆ ಬಂದ, ಮೊದಲಿನ ಹಾಗೇ ಹಣೆಯ ಮೇಲಿನ ಕನ್ನಡಕ ಹುಡುಕಿದ. ಅವನು ಕ್ಷಮಿಸಿದನೋ, ಮರೆತನೋ, ಅವನಿಗೇ ಗೊತ್ತಿರಲಿಕ್ಕಿಲ್ಲ. ಹೊಸ ಸದಸ್ಯರು ಬಂದರೆ ಈಗ ಕತೆ ಹೇಳುವವನು ಅವನೇ. ಹೊಗೆಮಾಮನ ಹೆಗಲ ಮೇಲೆ ಕೈಹಾಕಿಕೊಂಡು, "ನೋಡಿ ಇವ್ನೇ, ನಮ್ಮ ಷಡ್ಡಕ. ನನ್ನನ್ನ ಎಷ್ಟೋ ದಿನ ಕೊಲೆಗಾರನ್ನ ಮಾಡಿ ಕೂರಿಸಿದ್ದ! ಮನೇಲಿ ಬೆಂಕಿಕಡ್ಡಿ ಮುಟ್ಟೋಕೂ ಬಿಡ್ತಿರಲಿಲ್ಲ ಕಣ್ರೀ ನನ್ನ!" ಎಂದು ಶುರುಮಾಡುತ್ತಾನೆ. ಬೆಂಕಿಪೊಟ್ಟಣ ಕಸಿದುಕೊಂಡದ್ದನ್ನು ಅಭಿನಯಿಸಿ ತೋರಿಸುತ್ತಾನೆ, ಆಲಿಕೆ ಹಿಡಿದು ಹೊಲದಲ್ಲಿ ಎಡವಿದ್ದನ್ನು ತೋರಿಸುತ್ತಾನೆ. ಕೇಳುವವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಷಡ್ಡಕನ ಮಾತಿನಲ್ಲಿ ಒಂದು ಚೂರೂ ಕುಟುಕಿಲ್ಲ.

ಹೊಗೆಮಾಮನೂ ನಗುತ್ತಾನೆ. ನಗದಿದ್ದರೆ ಷಡ್ಡಕನಿಗೆ ಬೇಸರವಾದೀತು ಎಂದು ನಗುತ್ತಾನೆ. ಕಿವಿಯ ತುದಿಗಳು ಕೆಂಪಾಗುತ್ತವೆ, ಹೆಗಲ ಮೇಲಿನ ಕೈ ಕಲ್ಲಿನಷ್ಟು ಭಾರವಾಗುತ್ತದೆ. ಅದನ್ನು ಸರಿಸುವುದಿಲ್ಲ. ಕತೆ ಮುಗಿದು, ಎಲ್ಲರೂ ಚದುರಿ, ಷಡ್ಡಕ ತಾನಾಗಿಯೇ ಕೈ ತೆಗೆಯುವವರೆಗೂ ಅಲ್ಲೇ ನಿಂತಿರುತ್ತಾನೆ.